ಐಬಿಎಸ್ ಇರುವವರಿಗೆ ಆರು ವಾರದ ಗುಂಪು ತರಗತಿ: ದಾವಣಗೆರೆಯಲ್ಲಿ ನಡೆಸುವುದು ಹೇಗೆ?

ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ. ನಾಲ್ಕು ದಿನ ಭೇದಿ, ಮತ್ತೆ ನಾಲ್ಕು ದಿನ ಮೋಷನ್ನೇ ಇಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ನಾರ್ಮಲ್, ರಕ್ತ ಪರೀಕ್ಷೆಯೂ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂತ ಹೇಳಿ ಕಳಿಸುತ್ತಾರೆ. ಏನೂ ಇಲ್ಲದಿದ್ದರೆ ನೋವು ಯಾಕೆ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ತುಂಬಿದ ಓಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ಇದನ್ನು ಬಿಡಿಸಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇದಕ್ಕೆ ಒಂದು ದಾರಿ ಹುಡುಕಿದರು. ಐಬಿಎಸ್ ಇರುವವರನ್ನು ಗುಂಪಾಗಿ ಕೂರಿಸಿ ವಾರಕ್ಕೊಮ್ಮೆ 2 ಗಂಟೆಯಂತೆ 6 ವಾರ ಪಾಠ ಮಾಡಿದರು. ಇನ್ನೊಂದು ಗುಂಪಿಗೆ ಬರೀ ಪುಸ್ತಕ ಕೊಟ್ಟು ಕಳಿಸಿದರು. 2010ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ತರಗತಿಗೆ ಬಂದವರಿಗೆ ತೊಂದರೆಯೂ ಕಡಿಮೆಯಾಯಿತು, ಹೊಟ್ಟೆ ಬಗ್ಗೆ ಇದ್ದ ಭಯವೂ ಕಡಿಮೆಯಾಯಿತು. ಅದೇ ಅಚ್ಚನ್ನು ನಮ್ಮ ಊಟ, ನಮ್ಮ ಬಸ್ಸು, ನಮ್ಮ ಮನೆಗಳಿಗೆ ತಕ್ಕಂತೆ ಹೊಂದಿಸಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನರ್ಸ್, ಆಹಾರ ತಜ್ಞರು, ಫಿಸಿಯೋಥೆರಪಿಸ್ಟ್, ಅಥವಾ ಸ್ವತಃ ಐಬಿಎಸ್ ಇದ್ದು ನಾಲ್ಕು ಜನಕ್ಕೆ ಸಹಾಯ ಮಾಡಬೇಕು ಅನ್ನುವವರು, ಯಾರು ಬೇಕಾದರೂ ಶುರು ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹತ್ತು ಜನ ಸೇರಿದ ಕಡೆ ಎರಡು ಕೆಲಸ ತಾನಾಗೇ ಆಗುತ್ತದೆ: ಗೋಳು ಹೇಳಿಕೊಳ್ಳುವುದು ಮತ್ತು ಮದ್ದು ಹೇಳುವುದು. ಎರಡಕ್ಕೂ ನಿಮ್ಮ ಅಗತ್ಯವಿಲ್ಲ. ನಿಮ್ಮ ಅಗತ್ಯ ಇರುವುದು ಮೂರನೆಯದಕ್ಕೆ. ಪ್ರತಿ ವಾರ ಒಬ್ಬೊಬ್ಬರೂ ಮನೆಗೆ ಹೋಗಿ ಒಂದೇ ಒಂದು ಬದಲಾವಣೆ ಮಾಡಿ, ಏನಾಯಿತು ಅಂತ ಬರೆದುಕೊಂಡು ಬರಬೇಕು. ಇದು ನಡೆದರೆ ತರಗತಿ ನಡೆದಂತೆ.

ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬೇಡ

ಡಾಕ್ಟರ್ ನೋಡಿ ಐಬಿಎಸ್ ಅಂತ ಹೇಳಿರಬೇಕು. ಇದರಲ್ಲಿ ಸಡಿಲ ಬಿಡಬೇಡಿ. ಐಬಿಎಸ್ ಗುರುತಿಸಲು ಡಾಕ್ಟರುಗಳು ಬಳಸುವ 2016ರ ರೋಮ್ 4 ಅಳತೆಗೋಲಿನ ಪ್ರಕಾರ ಹಿಂದಿನ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಮೋಷನ್‌ಗೆ ಹೋದಾಗ ಅದು ಏರುಪೇರಾಗುವುದು, ಹೋಗುವ ಸಲ ಬದಲಾಗುವುದು, ಮಲದ ಗಟ್ಟಿತನ ಬದಲಾಗುವುದು, ಈ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು.

ಹೆಸರು ಬರೆಸಲು ಬಂದವರಿಗೆ ಈ ಪ್ರಶ್ನೆಗಳನ್ನು ಒಬ್ಬೊಬ್ಬರಾಗಿ, ಬೇರೆಯವರಿಗೆ ಕೇಳಿಸದಂತೆ ಕೇಳಿ. ಮೋಷನ್‌ನಲ್ಲಿ ರಕ್ತ ಹೋಗುತ್ತಾ? ಪ್ರಯತ್ನಪಡದೆ ತೂಕ ಇಳಿದಿದೆಯಾ? ರಾತ್ರಿ ಭೇದಿಯೇ ನಿದ್ದೆಯಿಂದ ಎಬ್ಬಿಸುತ್ತಾ? ಬಿಟ್ಟು ಬಿಟ್ಟು ಜ್ವರ ಬರುತ್ತಾ? ರಕ್ತ ಕಡಿಮೆ ಅಂತ ಹೇಳಿದ್ದಾರಾ? ವಯಸ್ಸು 45 ದಾಟಿದ ಮೇಲೆ ಹೊಸದಾಗಿ ಶುರುವಾಯಿತಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಒಂದಕ್ಕೆ ಹೌದು ಅಂದರೂ ತರಗತಿ ಆಮೇಲೆ, ಡಾಕ್ಟರ್ ಮೊದಲು. ನಮ್ಮ ದೇಶದಲ್ಲಿ ಕರುಳಿನ ಟಿಬಿ ಅಪರೂಪವೇನಲ್ಲ. ಅದೂ ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಅಂತಲೇ ಬರುತ್ತದೆ. ಅಂಥವರನ್ನು ಆರು ವಾರ ಕೂರಿಸಿ ಈರುಳ್ಳಿ ಬಿಡಿ ಅಂತ ಪಾಠ ಮಾಡಿದರೆ ಆರು ವಾರ ಹಾಳಾದಂತೆ.

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆ ಇರುವವರನ್ನು ಇದೇ ಗುಂಪಿಗೆ ಸೇರಿಸಬೇಡಿ. ಅವರ ಕರುಳಿನಲ್ಲಿ ನಿಜವಾಗಿಯೂ ಹುಣ್ಣು, ಊತ ಇರುತ್ತದೆ. ಅವರು ಮಾತ್ರೆ ನಿಲ್ಲಿಸಬಾರದು. ಐಬಿಎಸ್ ಗುಂಪಿನಲ್ಲಿ ‘ನಾನು ಮಾತ್ರೆ ಬಿಟ್ಟು ಆರಾಮಾಗಿದ್ದೀನಿ’ ಅಂತ ಯಾರಾದರೂ ಹೇಳುತ್ತಾರೆ. ಕೊಲೈಟಿಸ್ ಇರುವವರು ಅದನ್ನು ಕೇಳಿ ತಾವೂ ಬಿಟ್ಟರೆ ಕಾಯಿಲೆ ಮತ್ತೆ ಕೆರಳುತ್ತದೆ. ಅವರಿಗೆ ಬೇರೆ ಬ್ಯಾಚ್ ಮಾಡಿ. ಅಲ್ಲಿನ ಪಾಠ ಔಷಧಿ ತಪ್ಪಿಸದಿರುವುದು, ರಕ್ತಹೀನತೆ, ಲಸಿಕೆ, ಬಸುರಿನ ಯೋಜನೆ ಇವುಗಳ ಸುತ್ತ ಇರಬೇಕು.

ಒಂದು ಗುಂಪಿಗೆ 8ರಿಂದ 10 ಜನ ಸಾಕು. ಹದಿನೈದಾದರೆ ಮಾತಾಡುವವರು ನಾಲ್ಕೇ ಜನ, ಉಳಿದವರು ಸುಮ್ನೆ ತಲೆ ಆಡಿಸುತ್ತಾರೆ.

ನಡೆಸುವವರು

ಇಬ್ಬರು ಬೇಕು. ಒಬ್ಬರು ವೈದ್ಯಕೀಯ ಕಲಿತವರು, ಇನ್ನೊಬ್ಬರು ಐಬಿಎಸ್ ಇದ್ದು ಸುಧಾರಿಸಿಕೊಂಡವರು. ಎರಡನೆಯವರು ಇಲ್ಲದಿದ್ದರೆ ತರಗತಿ ಉಪನ್ಯಾಸವಾಗುತ್ತದೆ. ಮೊದಲನೆಯವರು ಇಲ್ಲದಿದ್ದರೆ ಮೂರನೇ ವಾರಕ್ಕೆ ಯಾರದೋ ಚಿಕ್ಕಪ್ಪನ ಕಷಾಯ ತರಗತಿಯೊಳಗೆ ಬಂದು ಕೂರುತ್ತದೆ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು, ಜಿಲ್ಲಾಸ್ಪತ್ರೆ, ನರ್ಸಿಂಗ್ ಕಾಲೇಜುಗಳು ಇವೆ. ಹಾಗಾಗಿ ಜನ ಸಿಗುವುದು ಕಷ್ಟವಲ್ಲ. ಡಾಕ್ಟರನ್ನು ಆರೂ ವಾರ ಕರೆಯಬೇಡಿ. ಮೊದಲನೇ ಮತ್ತು ಕೊನೇ ವಾರ ಅರ್ಧ ಗಂಟೆ ಬಂದರೆ ಸಾಕು. ಡಾಕ್ಟರ್ ಎದುರಿಗೆ ಕೂತಿದ್ದರೆ ಜನ ಪ್ರಿಸ್ಕ್ರಿಪ್ಷನ್ ಕೇಳಲು ಶುರು ಮಾಡುತ್ತಾರೆ.

ಜಾಗಕ್ಕೆ ಮೊದಲು ಟಾಯ್ಲೆಟ್ ನೋಡಿ

ಹಾಲ್ ಎಷ್ಟು ಚೆನ್ನಾಗಿದೆ, ಪ್ರೊಜೆಕ್ಟರ್ ಇದೆಯಾ ಅಂತ ಆಮೇಲೆ ವಿಚಾರಿಸಿ. ಮೊದಲು ಟಾಯ್ಲೆಟ್ ಬಾಗಿಲು ತೆಗೆದು ಒಳಗೆ ಹೋಗಿ. ನಲ್ಲಿಯಲ್ಲಿ ನೀರು ಬರುತ್ತಾ? ಬಕೆಟ್, ಜಗ್ ಇದೆಯಾ? ಚಿಲಕ ಬೀಳುತ್ತಾ? ಲೈಟ್ ಹತ್ತುತ್ತಾ? ಮಂಡಿನೋವು ಇರುವವರಿಗೆ ವೆಸ್ಟರ್ನ್ ಒಂದಾದರೂ ಇದೆಯಾ? ಹೆಂಗಸರಿಗೆ ಬೇರೆ ಇದೆಯಾ? ಮುಖ್ಯವಾಗಿ, ತರಗತಿ ಬಾಗಿಲಿನಿಂದ ಎಷ್ಟು ಹೆಜ್ಜೆ? ಮೆಟ್ಟಿಲು ಇಳಿದು, ಕಾರಿಡಾರ್ ದಾಟಿ, ವಾಚ್‌ಮನ್ ಹತ್ತಿರ ಬೀಗದಕೈ ಕೇಳಬೇಕು ಅಂದರೆ ಆ ಜಾಗ ಉಚಿತವಾಗಿ ಕೊಟ್ಟರೂ ಬೇಡ. ಈ ಕಾಯಿಲೆ ಇರುವವರು ಎಲ್ಲಿಗೆ ಹೋದರೂ ಮೊದಲು ಕಣ್ಣಾಡಿಸುವುದು ಟಾಯ್ಲೆಟ್ ಎಲ್ಲಿದೆ ಅಂತ. ಅದು ಗೊತ್ತಾಗುವ ತನಕ ನೀವು ಏನು ಹೇಳಿದರೂ ಅವರ ಕಿವಿಗೆ ಹೋಗುವುದಿಲ್ಲ.

ಕುರ್ಚಿಗಳನ್ನು ಸುತ್ತಲೂ ಹಾಕಿ, ಬಾಗಿಲ ಕಡೆ ಜಾಗ ಬಿಡಿ. ಎದ್ದು ಹೋಗಲು ಯಾರೂ ಅನುಮತಿ ಕೇಳಬೇಕಿಲ್ಲ, ವಾಪಸ್ ಬಂದಾಗ ಯಾರೂ ತಿರುಗಿ ನೋಡಬೇಕಿಲ್ಲ. ಬಾಗಿಲ ಪಕ್ಕದ ಎರಡು ಕುರ್ಚಿ ಖಾಲಿ ಇರಲಿ. ಅವತ್ತು ಯಾರಿಗೆ ಬೇಕೋ ಅವರು ಕೂರುತ್ತಾರೆ.

ವೇಳೆ ಮಧ್ಯಾಹ್ನ 3ರಿಂದ 5. ಬೆಳಗ್ಗೆ ಬೇಡ, ಬಹಳ ಜನಕ್ಕೆ ಬೆಳಗಿನ ಹೊತ್ತೇ ಕೆಟ್ಟದ್ದು. ಊಟವಾದ ಕೂಡಲೇ ಕೂಡ ಬೇಡ. ಐದಕ್ಕೆ ಮುಗಿದರೆ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು ಕತ್ತಲಾಗುವ ಮುಂಚೆ ಬಸ್ ಹತ್ತಬಹುದು. ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ವಾರದ ದಿನ ಆಗುವುದೇ ಇಲ್ಲ. ಅವರಿಗೆ ಅಂತ ಒಂದು ಭಾನುವಾರದ ಬ್ಯಾಚ್ ಇಟ್ಟುಕೊಳ್ಳಿ.

ಇನ್ನು ತಿಂಡಿ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಹಾಲು ಹಾಕಿದ ಟೀ, ಮಿರ್ಚಿ ಬರಲೇಬೇಕು, ಅಲ್ವಾ? ಇಲ್ಲಿ ಎರಡೂ ಬೇಡ. ಈರುಳ್ಳಿ ಹಾಕದ ಮಂಡಕ್ಕಿ ಒಗ್ಗರಣೆ, ಕುಡಿಯಲು ನೀರು. ಅಷ್ಟು ಸಾಕು.

ಜನರನ್ನು ಕರೆಯುವುದು

ಪಿ.ಜೆ. ಬಡಾವಣೆಯಲ್ಲಿ ಒಬ್ಬರಿಗೆ ಗೊತ್ತಾದರೆ ವಿದ್ಯಾನಗರದ ತನಕ ಸುದ್ದಿ ಮುಟ್ಟುವ ಊರು ಇದು. ಮದುವೆಯಾಗದ ಹುಡುಗಿಗೆ ‘ಹೊಟ್ಟೆ ಕಾಯಿಲೆ’ ಅಂತ ಹೆಸರು ಬಂದರೆ ಮನೆಯವರಿಗೆ ಅದೇ ದೊಡ್ಡ ಚಿಂತೆ. ಆದ್ದರಿಂದ ಪೋಸ್ಟರ್‌ನಲ್ಲಿ ‘ರೋಗಿಗಳ ಸಭೆ’ ಅಂತ ಹಾಕಬೇಡಿ. ‘ಪದೇ ಪದೇ ಹೊಟ್ಟೆ ಕೆಡುತ್ತಾ? ಪರೀಕ್ಷೆ ಎಲ್ಲ ನಾರ್ಮಲ್ ಬಂದಿದೆಯಾ? ಆರು ಶನಿವಾರದ ಉಚಿತ ತರಗತಿ’ ಅಂತ ಬರೆದು ಒಂದು ಫೋನ್ ನಂಬರ್ ಕೊಡಿ. ಓಪಿಡಿ ಗೋಡೆ, ಮೆಡಿಕಲ್ ಶಾಪ್, ಲ್ಯಾಬ್ ಈ ಮೂರು ಕಡೆ ಅಂಟಿಸಿದರೆ ಬೇಕಾದವರ ಕಣ್ಣಿಗೆ ಬೀಳುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ‘ಶನಿವಾರ ತರಗತಿ’ ಅಂತ ಹೆಸರಿಡಿ. ಫೋನ್ ಟೇಬಲ್ ಮೇಲೆ ಇದ್ದಾಗ ‘ಐಬಿಎಸ್ ಪೇಷೆಂಟ್ಸ್’ ಅಂತ ಮೆಸೇಜ್ ಬಂದರೆ ಆಫೀಸಿನಲ್ಲಿ ಎಲ್ಲರೂ ಓದುತ್ತಾರೆ. ಸದಸ್ಯರ ನಂಬರ್ ಒಬ್ಬರದು ಒಬ್ಬರಿಗೆ ಕಾಣುವುದು ಬೇಡ ಅನ್ನಿಸಿದರೆ ನೀವು ಮಾತ್ರ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ.

ಮೊದಲ ವಾರ: ಬಾಯಿ ಬಿಡಿಸುವುದು

‘ಬರ್ರಿ ಅಕ್ಕಾರೆ, ಕುಂದ್ರಿ’ ಅಂತ ಕರೆದು ಕೂರಿಸಿ. ಹೆಸರು ಹೇಳಿಸಿ, ಊರು ಹೇಳಿಸಿ, ಜಾತಕ ಕೇಳಬೇಡಿ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು ಅನ್ನುವ ನಿಯಮವನ್ನು ಎಲ್ಲರ ಬಾಯಲ್ಲೂ ಹೇಳಿಸಿ.

ಆಮೇಲೆ ನಾಚಿಕೆ ಬಿಡಿಸಬೇಕು. ಅದಕ್ಕೆ ಬ್ರಿಸ್ಟಲ್ ಚಾರ್ಟ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾದ ಇದರಲ್ಲಿ ಮಲವನ್ನು 7 ಬಗೆಯಾಗಿ ವಿಂಗಡಿಸಿದ್ದಾರೆ. ಡ್ರಾಯಿಂಗ್ ಶೀಟ್ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಹಾಕಿ. 1ನೆಯದು ಆಡಿನ ಹಿಕ್ಕೆಯಂತೆ ಬಿಡಿಬಿಡಿ ಗಟ್ಟಿ ಉಂಡೆ. 2ನೆಯದು ಗಂಟು ಗಂಟಾದ ಉದ್ದ ತುಂಡು. 3 ಮತ್ತು 4 ಸಲೀಸಾಗಿ ಬರುವಂಥದ್ದು. 5 ಮೆತ್ತನೆ ತುಣುಕು, 6 ಗೊಜ್ಜು, 7 ಬರೀ ನೀರು. ‘ನಿಮ್ಮದು ಇವತ್ತು ಎಷ್ಟನೇ ನಂಬರ್?’ ಅಂತ ಮೊದಲು ನೀವೇ ನಿಮ್ಮದು ಹೇಳಿ. ಯಾರೋ ಒಬ್ಬರು ಕಿಸಕ್ಕನೆ ನಗುತ್ತಾರೆ. ಅಲ್ಲಿಂದ ಮಾತು ಹರಿಯುತ್ತದೆ. ಮೋಷನ್, ಗ್ಯಾಸ್, ಹೂಸು ಎಲ್ಲ ಪದವನ್ನೂ ಮುಚ್ಚುಮರೆ ಇಲ್ಲದೆ ನೀವೇ ಮೊದಲು ಬಳಸಿ. ನೀವು ‘ಶೌಚ ಕ್ರಿಯೆ’ ಅಂತ ಶುರು ಮಾಡಿದರೆ ಅವರು ಪೂರ್ತಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಈ ನಂಬರಿನಿಂದ ಇನ್ನೊಂದು ಉಪಕಾರವಿದೆ. ‘ಸರಿಯಾಗಿ ಆಗ್ತಿಲ್ಲ’ ಅನ್ನುವ ಮಾತು ಡಾಕ್ಟರಿಗೆ ಏನೂ ತಿಳಿಸುವುದಿಲ್ಲ. ‘ವಾರದಲ್ಲಿ ನಾಲ್ಕು ದಿನ 6, ಎರಡು ದಿನ 1’ ಅಂದರೆ ಅರ್ಧ ಕೆಲಸ ಮುಗಿದಂತೆ.

ಮನೆಗೆಲಸ: ಒಂದು ಹಾಳೆಯಲ್ಲಿ ಎದ್ದ ಹೊತ್ತು, ತಿಂದ ಹೊತ್ತು, ತಿಂದದ್ದು, ಮೋಷನ್ ನಂಬರ್, ನೋವು, ಆ ದಿನದ ಗಡಿಬಿಡಿ ಬರೆಯುವುದು. ಈ ವಾರ ಏನನ್ನೂ ಬದಲಾಯಿಸಬಾರದು. ಓದು ಬರಹ ಬಾರದವರಿಗೆ ಚಿತ್ರದ ಹಾಳೆ ಕೊಟ್ಟು ಗೆರೆ ಎಳೆಯಲು ಹೇಳಿ.

ಎರಡನೇ ವಾರ: ‘ಏನೂ ಇಲ್ಲ’ ಅಂದರೆ ಏನು?

ಎಲ್ಲರೂ ಊಟದ ಪಾಠ ಯಾವಾಗ ಅಂತ ಕೇಳುತ್ತಾರೆ. ಕೊಡಬೇಡಿ. ಕಾರಣ ತಿಳಿಯದೆ ಪಟ್ಟಿ ಸಿಕ್ಕಿದರೆ ಜನ ಪಟ್ಟಿಯನ್ನೇ ಹಿಡಿದುಕೊಂಡು ಒಂದೊಂದೇ ಬಿಡುತ್ತಾ ಕೊನೆಗೆ ಅನ್ನ ಮಜ್ಜಿಗೆಗೆ ಬಂದು ನಿಲ್ಲುತ್ತಾರೆ.

ಇವತ್ತು ಮೂರು ಸಂಗತಿ ಹೇಳಿದರೆ ಸಾಕು. ಒಂದು, ನರಗಳ ಸೂಕ್ಷ್ಮತೆ. ಕರುಳಿನೊಳಗೆ ಪುಟ್ಟ ಬಲೂನ್ ಇಟ್ಟು ಗಾಳಿ ತುಂಬಿ ನೋಡಿದ್ದಾರೆ. ಬೇರೆಯವರಿಗೆ ಬರೀ ಒತ್ತಿದಂತೆ ಅನ್ನಿಸುವಷ್ಟು ಗಾಳಿಗೆ ಐಬಿಎಸ್ ಇರುವ ಬಹಳ ಜನಕ್ಕೆ ನೋವೇ ಆಗುತ್ತದೆ. ಸ್ಕ್ಯಾನ್‌ನಲ್ಲಿ ಕಾಣದ್ದು ಇದು. ಅಂದರೆ ನೋವು ನಿಜ, ಕಲ್ಪನೆಯಲ್ಲ. ಈ ಮಾತನ್ನು ಮೊದಲ ಸಲ ಕೇಳಿ ಅತ್ತುಬಿಡುವವರಿದ್ದಾರೆ. ಟಿಶ್ಯೂ ಇಟ್ಟುಕೊಂಡಿರಿ, ಸಮಾಧಾನ ಮಾಡಲು ಅವಸರ ಮಾಡಬೇಡಿ.

ಎರಡು, ಊಟವಾದ ಮೇಲೆ ದೊಡ್ಡ ಕರುಳು ಹಿಂಡುವುದು ಎಲ್ಲರ ದೇಹದಲ್ಲೂ ಇರುವ ವ್ಯವಸ್ಥೆ. ಬೆಳಗ್ಗೆ ಕಾಫಿ ಕುಡಿದ ಕೂಡಲೇ ಓಡುವುದು ಅದಕ್ಕೇ. ಐಬಿಎಸ್‌ನಲ್ಲಿ ಅದು ಜೋರಾಗಿರುತ್ತದೆ. ‘ತಿಂದಿದ್ದು ಹಾಗೇ ಹೊರಗೆ ಬರುತ್ತೆ’ ಅಂತ ಹೇಳುತ್ತಾರಲ್ಲ, ಬರುವುದು ಈಗ ತಿಂದದ್ದಲ್ಲ. ಒಂದೆರಡು ದಿನ ಹಿಂದೆ ತಿಂದದ್ದು. ಇದು ಗೊತ್ತಾದರೆ ಈಗಷ್ಟೇ ತಿಂದ ಇಡ್ಲಿಯ ಮೇಲೆ ಗೂಬೆ ಕೂರಿಸುವುದು ನಿಲ್ಲುತ್ತದೆ.

ಮೂರು, ಶುರುವಾದ ಬಗೆ. ಜೋರು ವಾಂತಿಭೇದಿ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಉಳಿದುಕೊಳ್ಳುತ್ತದೆ. ‘ಆ ಜಾತ್ರೆಗೆ ಹೋಗಿ ಬಂದಾಗಿನಿಂದ’ ಅನ್ನುವವರ ಮಾತಿನಲ್ಲಿ ಹುರುಳಿದೆ.

ಇದೇ ವಾರ ಕೈಮದ್ದಿನ ವಿಷಯ ಬರುತ್ತದೆ, ಕಾದಿರಿ. ‘ನಮ್ಮವರಿಗೆ ಯಾರೋ ಮದ್ದು ಹಾಕಿದ್ದಾರೆ, ತೆಗೆಸ್ಕೊಂಡು ಬಂದ್ವಿ’ ಅಂತ ಯಾರಾದರೂ ಹೇಳುತ್ತಾರೆ. ನಗಬೇಡಿ. ವರ್ಷಗಟ್ಟಲೆ ನೋವಿಗೆ ಯಾರೂ ಕಾರಣ ಕೊಡದಿದ್ದಾಗ ಅವರಿಗೆ ಸಿಕ್ಕ ಕಾರಣ ಅದು. ವಾಂತಿ ಮಾಡಿಸುವ ಸೊಪ್ಪಿನ ರಸ ಕುಡಿಯುವುದರಿಂದ ಗಂಟಲು, ಹೊಟ್ಟೆಗೆ ಅಪಾಯ ಅಂತ ಮಾತ್ರ ಖಡಾಖಂಡಿತ ಹೇಳಿ, ಮುಂದಕ್ಕೆ ಹೋಗಿ.

ಮೂರನೇ ವಾರ: ಪಟ್ಟಿಗಿಂತ ಮೊದಲು ಹೊತ್ತು

ಈ ವಾರ ಮತ್ತು ಮುಂದಿನ ವಾರಕ್ಕೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆಯಿರಿ. ಅಮ್ಮ, ಅತ್ತೆ, ಹೆಂಡತಿ, ಯಾರಾದರೂ ಸರಿ. ಐಬಿಎಸ್ ಇರುವ ಸೊಸೆಗೆ ‘ನನಗೆ ಬೇರೆ ಸಾರು’ ಅಂತ ಹೇಳುವ ಧೈರ್ಯ ಇರುವುದಿಲ್ಲ. ಅತ್ತೆ ತಾವೇ ಕೂತು ಕೇಳಿಸಿಕೊಂಡರೆ ಆ ಮಾತು ಹೇಳುವ ಅಗತ್ಯವೇ ಬೀಳುವುದಿಲ್ಲ.

ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಕೊಟ್ಟ ಸಲಹೆ ಇಲ್ಲಿಗೂ ಒಪ್ಪುತ್ತದೆ. ಹೊತ್ತು ಹೊತ್ತಿಗೆ ಊಟ, ನಿಧಾನವಾಗಿ ಅಗಿಯುವುದು, ಬಹಳ ಹೊತ್ತು ಹಸಿದಿರದಿರುವುದು, ದಿನಕ್ಕೆ ಸುಮಾರು 8 ಲೋಟ ನೀರು, ಮಜ್ಜಿಗೆಯಂಥ ದ್ರವ, ಕಾಫಿ ಟೀ ಸೇರಿ 3 ಕಪ್ಪಿಗಿಂತ ಜಾಸ್ತಿ ಬೇಡ, ಹಣ್ಣು ಒಂದು ಸಲಕ್ಕೆ ಸುಮಾರು 80 ಗ್ರಾಂನಂತೆ ದಿನಕ್ಕೆ 3 ಸಲ ಮೀರದಂತೆ. ಕೇಳಲು ಸಪ್ಪೆ. ಆದರೆ ಬೆಳಗ್ಗೆ ಬರೀ ಟೀ, ಮಧ್ಯಾಹ್ನ ಮೂರಕ್ಕೆ ಊಟ, ರಾತ್ರಿ ಹತ್ತೂವರೆಗೆ ಅಂಗಡಿ ಮುಚ್ಚಿ ಬಂದು ಹೊಟ್ಟೆ ತುಂಬಾ ತಿನ್ನುವವರಿಗೆ ಈ ಒಂದು ಬದಲಾವಣೆಯಿಂದಲೇ ಎಷ್ಟೋ ವಾಸಿಯಾಗುತ್ತದೆ.

ನಾರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಲಬದ್ಧತೆ ಅಂದ ಕೂಡಲೇ ಗೋಧಿ ತೌಡು, ಹೊಟ್ಟು ತಿನ್ನಿ ಅನ್ನುತ್ತಾರೆ. ಐಬಿಎಸ್‌ನಲ್ಲಿ ಅದು ಉಬ್ಬರ ಹೆಚ್ಚಿಸುತ್ತದೆ. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಬೇಕು, ಅಂದರೆ ಇಸಬ್ಗೋಲ್. ಒಂದು ಚಮಚ ಪುಡಿಗೆ ದೊಡ್ಡ ಲೋಟದ ತುಂಬ ನೀರು ಹಾಕಿ ಕಲಕಿ, ಗಟ್ಟಿಯಾಗುವ ಮುಂಚೆ ಕುಡಿಯಬೇಕು. ಕಲಕಿಟ್ಟು ಫೋನ್ ಬಂತು ಅಂತ ಹೋದರೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ತರಗತಿಯಲ್ಲೇ ಒಂದು ಲೋಟದಲ್ಲಿ ಕಲಕಿಟ್ಟು ತೋರಿಸಿ. ಕಡಿಮೆಯಿಂದ ಶುರು ಮಾಡಿ ವಾರ ಕಳೆದಂತೆ ಏರಿಸಬೇಕು. ನುಂಗಲು ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ಈಗ ನಮ್ಮೂರ ತಿಂಡಿ. ಬೆಣ್ಣೆದೋಸೆ ಬಿಡಬೇಕಾ ಅಂತ ಕೇಳದ ಬ್ಯಾಚ್ ಇರುವುದಿಲ್ಲ. ಬೆಣ್ಣೆಯಲ್ಲಿ ಹಾಲಿನ ಸಕ್ಕರೆ ತೀರಾ ಕಡಿಮೆ, ತೊಂದರೆ ಕೊಡುವುದು ಅದರ ಜಿಡ್ಡು. ಜಿಡ್ಡು ಜಾಸ್ತಿಯಾದಷ್ಟೂ ಕರುಳು ಜೋರಾಗಿ ಹಿಂಡುತ್ತದೆ. ಒಂದು ದೋಸೆ, ಮೇಲೆ ಬೆಣ್ಣೆ ಮುದ್ದೆ ಬೇಡ ಅಂತ ಹೇಳಿ, ಖಾರದ ಚಟ್ನಿ ಕಡಿಮೆ ಹಾಕಿಸಿಕೊಂಡು ತಿಂದು ನೋಡಬಹುದು. ಖಾಲಿ ಹೊಟ್ಟೆಗೆ ಮೂರು ದೋಸೆ, ಮೇಲೊಂದು ಕಾಫಿ ಅಂದರೆ ಅದನ್ನು ತಾವೇ ಬರಮಾಡಿಕೊಂಡಂತೆ. ಮಂಡಕ್ಕಿ ಅಕ್ಕಿಯದು, ಪಾಪ ಅದರ ತಪ್ಪೇನಿಲ್ಲ. ಜೊತೆಗೆ ಬರುವ ಮಿರ್ಚಿ ಮೂರು ಕಡೆಯಿಂದ ಹೊಡೆಯುತ್ತದೆ: ಕಡಲೆಹಿಟ್ಟು ಗ್ಯಾಸ್ ಮಾಡುತ್ತದೆ, ಎಣ್ಣೆ ಕರುಳನ್ನು ಹಿಂಡಿಸುತ್ತದೆ, ಖಾರ ಮೊದಲೇ ಸೂಕ್ಷ್ಮವಾದ ನರಗಳನ್ನು ಕೆಣಕುತ್ತದೆ.

ನಾಲ್ಕನೇ ವಾರ: ಫಾಡ್‌ಮ್ಯಾಪ್, ಎಚ್ಚರಿಕೆಯಿಂದ

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯ ಇದು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ, ಫಾಡ್‌ಮ್ಯಾಪ್ ಅಂತ ಕರೆಯುವ ಕೆಲವು ಸಕ್ಕರೆಗಳು ದೊಡ್ಡ ಕರುಳಿಗೆ ಹೋಗಿ ಹುದುಗಿ ಗ್ಯಾಸ್ ಮಾಡುತ್ತವೆ, ನೀರು ಎಳೆದುಕೊಳ್ಳುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ಅವರೆ, ಹಾಲು, ಮಾವು, ಸೇಬು, ಕಲ್ಲಂಗಡಿ ಇವುಗಳಲ್ಲಿ ಅಂಥವು ಜಾಸ್ತಿ. ಅಕ್ಕಿ, ಜೋಳ, ಆಲೂಗಡ್ಡೆ, ಕ್ಯಾರೆಟ್, ಸೌತೆಕಾಯಿ, ಪಪ್ಪಾಯಿ, ಕಿತ್ತಳೆಯಲ್ಲಿ ಕಡಿಮೆ. ಚಪಾತಿಯಿಂದ ಉಬ್ಬರಿಸುವವರಿಗೆ ಜೋಳದ ರೊಟ್ಟಿ ನಮ್ಮ ಸೀಮೆಯಲ್ಲೇ ಇದೆ. ಬೇರೆ ಕಡೆಯವರು ಇದಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ.

ಇದರಲ್ಲಿ ಮೂರು ಹಂತ. 2ರಿಂದ 6 ವಾರ ಕಟ್ಟುನಿಟ್ಟಾಗಿ ಬಿಡುವುದು, ಆಮೇಲೆ ಒಂದೊಂದಾಗಿ ವಾಪಸ್ ತಂದು ಪರೀಕ್ಷಿಸುವುದು, ಕೊನೆಗೆ ತನಗೆ ಆಗದ್ದನ್ನು ಮಾತ್ರ ಕಡಿಮೆ ಮಾಡಿಕೊಂಡು ಉಳಿದದ್ದೆಲ್ಲ ತಿನ್ನುವುದು. ಜನ ಮೊದಲ ಹಂತದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ವಲ್ಪ ಆರಾಮಾಯಿತು ಅಂತ ವರ್ಷಗಟ್ಟಲೆ ಬಿಟ್ಟೇ ಬಿಡುತ್ತಾರೆ. ಅದು ಒಳ್ಳೆಯದಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅದೇ ಊಟ. ಮೊದಲೇ ತೆಳ್ಳಗಿರುವವರು, ಬಸುರಿಯರು, ಬಾಣಂತಿಯರು, ಮಕ್ಕಳು, ಊಟದ ಬಗ್ಗೆ ವಿಪರೀತ ಭಯ ಇರುವವರು ಇದಕ್ಕೆ ಕೈ ಹಾಕಬಾರದು. ಉಳಿದವರೂ ಆಹಾರ ತಜ್ಞರು ಜೊತೆಗಿದ್ದಾಗ ಮಾತ್ರ. ಅವರು ಇಲ್ಲದಿದ್ದರೆ ನೀವು ಪೂರ್ತಿ ಪಥ್ಯ ಕೊಡಬೇಡಿ. ಹಾಳೆಯಲ್ಲಿ ಯಾವುದರ ಮೇಲೆ ಹೆಚ್ಚು ಅನುಮಾನ ಕಾಣುತ್ತದೋ ಅದೊಂದನ್ನು ಎರಡು ವಾರ ಬಿಟ್ಟು ನೋಡಲು ಹೇಳಿ.

ವಾಪಸ್ ತರುವ ಬಗೆ ಹೀಗೆ. ಮೊದಲ ದಿನ ಕಾಲು ಲೋಟ ಹಾಲು, ಎರಡನೇ ದಿನ ಅರ್ಧ, ಮೂರನೇ ದಿನ ಒಂದು ಲೋಟ. ತೊಂದರೆ ಆದ ಕೂಡಲೇ ನಿಲ್ಲಿಸುವುದು. ಎರಡು ಮೂರು ದಿನ ಬಿಡುವು ಕೊಟ್ಟು ಮುಂದಿನ ಪದಾರ್ಥ.

ಈ ವಾರ ಒಂದು ಸಣ್ಣ ಸ್ಟವ್ ತನ್ನಿ. ಬೆಳ್ಳುಳ್ಳಿ ಬಿಟ್ಟರೆ ಸಾರು ಸಾರೇ ಅಲ್ಲ ಅನ್ನುವವರಿಗೆ ಇದನ್ನು ಮಾಡಿ ತೋರಿಸಬೇಕು. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಸಕ್ಕರೆಯಾದ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎರಡು ಚಮಚ ಶೇಂಗಾ ಎಣ್ಣೆ ಕಾಯಿಸಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಪುಡಿಯಾಗದಂತೆ ಜಜ್ಜಿ ಹಾಕಿ. ಉರಿ ಸಣ್ಣಗಿರಲಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಘಮ ಬಂದ ಕೂಡಲೇ ಒಂದು ಚೂರೂ ಉಳಿಯದಂತೆ ತೆಗೆದುಬಿಡಿ. ಆಮೇಲೆ ಅದೇ ಎಣ್ಣೆಗೆ ಸಾಸಿವೆ, ಕರಿಬೇವು. ಇದನ್ನು ಬೆಂದ ಹೆಸರುಬೇಳೆ ಸಾರಿಗೆ ಸುರಿದಾಗ ಎದ್ದ ವಾಸನೆಗೆ ಅತ್ತೆಯರೇ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಆದರೆ ಈರುಳ್ಳಿಯನ್ನು ಸಾರಿನಲ್ಲಿ ಕುದಿಸಿ ಆಮೇಲೆ ತೆಗೆದಿಟ್ಟರೆ ಪ್ರಯೋಜನವಿಲ್ಲ, ಕರಗುವುದೆಲ್ಲ ಆಗಲೇ ನೀರಿಗಿಳಿದಿರುತ್ತದೆ. ಬದಲಿಗೆ ಈರುಳ್ಳಿ ಹೂವಿನ ಹಸಿರು ಭಾಗ ಹಾಕಬಹುದು. ಬೆಳ್ಳುಳ್ಳಿ ಎಣ್ಣೆ ಅವತ್ತಿನದು ಅವತ್ತಿಗೇ. ಬಾಟಲಿಯಲ್ಲಿ ತುಂಬಿ ಹೊರಗೆ ಇಟ್ಟರೆ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಐದನೇ ವಾರ: ಮನಸ್ಸು, ಉಸಿರು, ಕೂರುವ ಭಂಗಿ

‘ಟೆನ್ಷನ್ ಬಿಡಿ’ ಅಂತ ಯಾರಿಗೂ ಹೇಳಬೇಡಿ. ಬಿಡುವಂತಿದ್ದರೆ ಬಿಡುತ್ತಿರಲಿಲ್ಲವಾ? ಕರುಳು ಮತ್ತು ಮೆದುಳಿನ ನಡುವೆ ನರಗಳ ಮೂಲಕ ಎರಡೂ ಕಡೆ ಸಂದೇಶ ಓಡಾಡುತ್ತದೆ ಅಂತ ಹೇಳಿ, ಆ ಸಂದೇಶವನ್ನು ಸ್ವಲ್ಪ ತಣ್ಣಗೆ ಮಾಡುವ ಕೆಲಸ ಕೊಡಿ. ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ. ಉಸಿರು ಎಳೆದಾಗ ಕೆಳಗಿನ ಕೈ ಮಾತ್ರ ಏಳಬೇಕು. ಎಳೆದದ್ದಕ್ಕಿಂತ ಬಿಡುವುದು ನಿಧಾನ. ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಮಾಡಿ.

ದಾವಣಗೆರೆಯನ್ನು ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಐಬಿಎಸ್‌ಗೆ ಸಂಮೋಹನ ಚಿಕಿತ್ಸೆ ಕೆಲಸ ಮಾಡುತ್ತದೆ ಅಂತ 1984ರಲ್ಲಿ ತೋರಿಸಿದ್ದು ಆ ಮೂಲ ಮ್ಯಾಂಚೆಸ್ಟರ್‌ನ ಡಾಕ್ಟರುಗಳೇ. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಆದರೆ ಮನಸ್ಸಿನ ದಾರಿಯಲ್ಲಿ ಹೋಗಿ ಕರುಳನ್ನು ಸಮಾಧಾನ ಮಾಡಬಹುದು ಅನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. ಮನಶ್ಶಾಸ್ತ್ರಜ್ಞರು ಸಿಕ್ಕರೆ ಅವತ್ತು ಕರೆಸಿ.

ವೆಸ್ಟರ್ನ್ ಕಮೋಡ್ ಬಳಸುವ, ತಿಣುಕುವ ಅಭ್ಯಾಸ ಇರುವವರಿಗೆ ಕಾಲ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಡಲು ಹೇಳಿ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಸಲೀಸು. ದಿನಾ ಅರ್ಧ ಗಂಟೆ ನಡಿಗೆ, ಕುಂದುವಾಡ ಕೆರೆ ಏರಿ ಮೇಲಾಗಲಿ, ಮನೆ ಮುಂದಿನ ರಸ್ತೆಯಲ್ಲಾಗಲಿ.

ಆರನೇ ವಾರ: ಬಸ್ಸು, ಮದುವೆ, ಮಾತ್ರೆ

ರೈಲಿನಲ್ಲಿ ಟಾಯ್ಲೆಟ್ ಇದೆ, ಬಸ್ಸಿನಲ್ಲಿ ಇಲ್ಲ. ಹುಬ್ಬಳ್ಳಿ, ಬೆಂಗಳೂರಿಗೆ ರೈಲು ಹಿಡಿಯಬಹುದು, ಜಗಳೂರಿಗೆ ಬಸ್ಸೇ ಗತಿ. ಹೊರಡುವ ಎರಡು ಗಂಟೆ ಮುಂಚೆ ಲಘು ಊಟ, ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ನೀರಿನ ಬಾಟಲಿ, ಪೇಪರ್ ಸೋಪು. ಪ್ರಯಾಣದ ಮುಂಚೆ ಭೇದಿ ತಡೆಯುವ ಲೋಪರಮೈಡ್ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಮದುವೆ ಮನೆಯಲ್ಲಿ ಬಡಿಸುವವರು ಬಿಡುವುದಿಲ್ಲ. ಎಲೆಯ ಮೇಲೆ ಸ್ವಲ್ಪ ಸ್ವಲ್ಪ ಎಲ್ಲ ಹಾಕಿಸಿಕೊಂಡು ಬೇಕಾದ್ದನ್ನು ತಿಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇಡ ಬೇಡ ಅಂದರೆ ಹತ್ತು ಜನ ಯಾಕೆ ಅಂತ ಕೇಳುತ್ತಾರೆ.

ಮಾತ್ರೆಯ ಬಗ್ಗೆ ಡಾಕ್ಟರ್ ಮಾತಾಡಲಿ, ನೀವು ಮೂರು ಪ್ರಶ್ನೆ ತಪ್ಪದೆ ಎತ್ತಿ. ‘ಲೂಸ್ ಮೋಷನ್’ ಅಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಕೊಡುವ ಆಂಟಿಬಯೋಟಿಕ್ ಐಬಿಎಸ್‌ಗೆ ಬೇಕಾ? ಸೋನಾಮುಖಿ ಸೇರಿದ ಭೇದಿ ಪುಡಿಯನ್ನು ಯಾರನ್ನೂ ಕೇಳದೆ ದಿನಾ ತೆಗೆದುಕೊಳ್ಳಬಹುದಾ? ಮನಸ್ಸಿನ ಕಾಯಿಲೆಯ ಮಾತ್ರೆ ಯಾಕೆ ಬರೆದಿದ್ದೀರಿ? ಮೂರನೆಯದಕ್ಕೆ ಉತ್ತರ ಎಲ್ಲರಿಗೂ ಕೇಳಿಸಬೇಕು. ಅಮಿಟ್ರಿಪ್ಟಿಲಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಕರುಳಿನ ನೋವಿನ ನರಗಳಿಗಾಗಿ ಕೊಡುತ್ತಾರೆ. 2023ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ ಅದು ಐಬಿಎಸ್‌ಗೆ ಉಪಯುಕ್ತ ಅಂತ ಕಂಡುಬಂದಿದೆ. ಚೀಟಿ ಗೂಗಲ್ ಮಾಡಿ ಹೆದರಿ ಮಾತ್ರೆ ಬಿಸಾಡಿದವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಹಳಿ ತಪ್ಪಿದಾಗ

ಒಬ್ಬರೇ ಮಾತಾಡುತ್ತಿದ್ದರೆ ‘ಯಜಮಾನ್ರೆ, ಇದನ್ನ ಅರ್ಧಕ್ಕೆ ನಿಲ್ಲಿಸಿ, ಆ ಅಕ್ಕಾರದ್ದು ಕೇಳೋಣ’ ಅಂತ ಹೇಳಿ, ಅವರ ಕೈಗೆ ಗಡಿಯಾರ ನೋಡುವ ಕೆಲಸ ಕೊಡಿ. ಪುಡಿ, ಜ್ಯೂಸ್ ಮಾರಲು ಬರುವ ಏಜೆಂಟರು ಎರಡನೇ ಬ್ಯಾಚಿನೊಳಗೆ ಬಂದೇ ಬರುತ್ತಾರೆ. ಬಾಗಿಲಲ್ಲೇ ಕೈ ಮುಗಿದು ಕಳಿಸಿ. ಮುಟ್ಟಿನ ದಿನಗಳಲ್ಲಿ ತೊಂದರೆ ಹೆಚ್ಚುವ ವಿಷಯವನ್ನು ಗಂಡಸರ ಎದುರು ಯಾರೂ ಎತ್ತುವುದಿಲ್ಲ. ಹೆಂಗಸರಿಗೆ ಅಂತ ಕೊನೆಗೆ ಇಪ್ಪತ್ತು ನಿಮಿಷ ಬೇರೆ ಇಡಿ. ಯಾರಾದರೂ ಬದುಕೇ ಬೇಡ ಅನ್ನುವ ಮಾತಾಡಿದರೆ ಅದನ್ನು ಗುಂಪಿನಲ್ಲಿ ಚರ್ಚೆ ಮಾಡಬೇಡಿ. ಅವತ್ತೇ ಪಕ್ಕಕ್ಕೆ ಕರೆದು ಮಾತಾಡಿಸಿ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಕೊಟ್ಟು, ಮನೋವೈದ್ಯರ ಹತ್ತಿರ ಹೋಗುವ ತನಕ ಕೈಬಿಡಬೇಡಿ.

ಉಪಯೋಗ ಆಯಿತಾ ಅಂತ ಅಳೆಯುವುದು

ಚಪ್ಪಾಳೆ, ಹೊಗಳಿಕೆ ನಂಬಬೇಡಿ. ಐಬಿಎಸ್ ತೀವ್ರತೆ ಅಳೆಯುವ 500 ಅಂಕದ ಪ್ರಶ್ನಾವಳಿ ಇದೆ. ನೋವು ಎಷ್ಟು ಜೋರು, ಎಷ್ಟು ದಿನ, ಉಬ್ಬರ, ಮೋಷನ್ ಬಗ್ಗೆ ಸಮಾಧಾನ, ದಿನದ ಬದುಕಿಗೆ ಅಡ್ಡಿ, ಒಂದೊಂದಕ್ಕೆ 100. 175ರ ಒಳಗೆ ಇದ್ದರೆ ಸೌಮ್ಯ, 300 ದಾಟಿದರೆ ತೀವ್ರ. ಮೊದಲ ವಾರ ಮತ್ತು ಆರನೇ ವಾರ ಬರೆಸಿ. 50 ಅಂಕ ಇಳಿದಿದ್ದರೆ ನಿಜವಾದ ಸುಧಾರಣೆ ಅಂತ ಲೆಕ್ಕ. ಇಳಿಯದವರ ಪಟ್ಟಿ ಮಾಡಿ, ಅವರ ಹಾಳೆಗಳ ಸಮೇತ ಡಾಕ್ಟರ ಹತ್ತಿರ ವಾಪಸ್ ಕಳಿಸಿ. ಹೊಸದಾಗಿ ರಕ್ತ, ತೂಕ ಇಳಿಕೆ ಕಂಡುಬಂದವರನ್ನು ಆರನೇ ವಾರದ ತನಕ ಕಾಯಿಸದೆ ತಕ್ಷಣ ಕಳಿಸಬೇಕು.

ಆರು ವಾರ ಮುಗಿದ ಮೇಲೆ ಮೂರು ತಿಂಗಳಿಗೆ ಒಂದು ಸಲ ಎಲ್ಲರನ್ನೂ ಕರೆದು ಅದೇ ಪ್ರಶ್ನಾವಳಿ ಇನ್ನೊಮ್ಮೆ ಬರೆಸಿ. ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್, ಮನೆಮದ್ದಿನ ವಿಡಿಯೋ ಹಾಕುವಂತಿಲ್ಲ ಅಂತ ಬರೆದಿಡಿ. ಮುಂದಿನ ಬ್ಯಾಚಿಗೆ ನಿಮ್ಮ ಜೊತೆ ಕೂರುವ ಎರಡನೇ ವ್ಯಕ್ತಿಯನ್ನು ಈ ಗುಂಪಿನಿಂದಲೇ ಆರಿಸಿ. ಚೆನ್ನಾಗಿ ಮಾತಾಡುವವರಿಗಿಂತ, ಆರೂ ವಾರ ಹಾಳೆ ತಪ್ಪದೆ ತುಂಬಿದವರನ್ನು ಕೇಳಿ.